ಕೋಲ್ಡ್ ರೂಮಿನ ನಾಲ್ಕು ಗಂಟೆ

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ತಳಿ ಊರಿನ ಹತ್ತಿರದ ಗುಲಾಬಿ ತೋಟದಲ್ಲಿ ಕೆಲಸಕ್ಕೆ ಸೇರಿದೆ. ಕೊಯ್ದ ಹೂವನ್ನು ಬಕೆಟ್ಟಿನಲ್ಲಿಟ್ಟು, ಕೊಯ್ದ ಹೊತ್ತನ್ನು ಚೀಟಿಯಲ್ಲಿ ಬರೆದು ಕಟ್ಟಿ, ಹೂವನ್ನು ತಂಪಾಗಿಡುವ ಕೋಲ್ಡ್ ರೂಮಿಗೆ ಸೇರಿಸುತ್ತಿದ್ದೆವು. ಮಧ್ಯಾಹ್ನ ಮೂರರಿಂದ ಆ ಬಾಗಿಲು ನನ್ನ ಜವಾಬ್ದಾರಿ.

ಒಳಗಿನ ಬಿಸಿಯನ್ನು ಅಳೆದು ಓನರ್ ಫೋನಿಗೆ ಕಳಿಸುವ ಪೆಟ್ಟಿಗೆಯೊಂದು ಅಲ್ಲಿತ್ತು. ಅದರ ಪ್ರೋಗ್ರಾಮು ಬರೆದವಳು ಹೊಸೂರಿನ ಸಣ್ಣ ಕಂಪನಿಯಲ್ಲಿದ್ದ ನನ್ನ ಮಗಳು, ನಿಮ್ಮ ಅವ್ವ.

ಒಂದು ಸಂಜೆ, ಮೊಗ್ಗಾಗಿಯೇ ಮಾರಬೇಕಾದ ಎಷ್ಟೋ ಹೂವು ಬಕೆಟ್ಟಿನಲ್ಲೇ ಅರಳಿಬಿಟ್ಟವು. ನಾಲ್ಕು ಗಂಟೆಗೆ ರೂಮು ಬಿಸಿಯಾಗಿದೆಯೆಂದು ಓನರ್ ಫೋನು ತೋರಿಸಿ, ಬಾಗಿಲು ತೆರೆದಿಟ್ಟೆಯಾ ಎಂದು ಕೇಳಿದರು. ನಾನು ತೆರೆದಿಟ್ಟಿರಲಿಲ್ಲ. ಆದರೂ "ಇರ್ಬೋದು ಸಾರ್" ಅಂದೆ. ನಾಳೆಯಿಂದ ಬರಬೇಡ ಅಂದರು.

ಭಾನುವಾರ ಮನೆಗೆ ಬಂದ ನಿಮ್ಮ ಅವ್ವ ವಿಷಯ ತಿಳಿದು, ಯಾವ ಹೂವು ಕೆಟ್ಟವು ಎಂದು ಕೇಳಿದಳು. ಬೆಳಗಿನ ಚೀಟಿಯವು ಮಾತ್ರ, ಮೂರರ ಮೇಲೆ ನಾನಿಟ್ಟವು ಮೊಗ್ಗಾಗಿಯೇ ಇದ್ದವು ಎಂದೆ.

"ನಾಕಕ್ಕೆ ಬಿಸಿಯಾಗಿದ್ರೆ ಎಲ್ಲಾ ಅರಳ್ಬೇಕಿತ್ತಲ್ಲವ್ವ. ಗೊತ್ತಿದ್ದೂ ಯಾಕೆ ಒಪ್ಕಂಡೆ?"

"ನೀನ್ ಮಾಡಿದ್ ಮಿಷನ್ನು ಕಣೆ. ಅದು ಸುಳ್ಳು ಹೇಳ್ತದೆ ಅಂತ ನಾನೆಂಗೆ ಹೇಳ್ಲಿ?"

ಅವಳು ಜಗಲಿಯಲ್ಲಿ ಕಂಪ್ಯೂಟರ್ ತೆರೆದು ಕೂತಳು. ಸಂಜೆಗೆ ತಪ್ಪು ಸಿಕ್ಕಿತು. ಆ ದಿನ ಮಧ್ಯಾಹ್ನ, ನಾನು ಹೋಗುವ ಮೊದಲೇ, ಕರೆಂಟೂ ಫೋನಿನ ಟವರೂ ಹೋಗಿ ರೂಮು ಬಿಸಿಯಾಗಿತ್ತು; ಮೂರರೊಳಗೆ ಕರೆಂಟು ಬಂದು ತಣ್ಣಗಾದರೂ ಟವರ್ ಬಂದದ್ದು ನಾಲ್ಕಕ್ಕೆ. ಬ್ಯಾಟರಿಯ ಆ ಪೆಟ್ಟಿಗೆ ಫೋನಿಗೆ ತಲುಪದ ಲೆಕ್ಕವನ್ನು ಇಟ್ಟುಕೊಂಡು, ತಲುಪಿತೆಂಬ ಉತ್ತರ ಬರುವವರೆಗೂ ಮತ್ತೆ ಮತ್ತೆ ಕಳಿಸುತ್ತದಂತೆ. ಆದರೆ ಕಳಿಸುವಾಗಲೆಲ್ಲ ಅಳೆದ ಹೊತ್ತನ್ನು ಬಿಟ್ಟು ಕಳಿಸಿದ ಹೊತ್ತನ್ನೇ ಹಾಕುತ್ತಿತ್ತು. ಹನ್ನೆರಡರ ಬಿಸಿ ನಾಲ್ಕಕ್ಕೆ ತಲುಪಿ ನಾಲ್ಕರದೇ ಆಗಿತ್ತು.

"ಹೂವಿನ ಲಾರಿ ತಡವಾದ್ರೆ ನಾವು ಕೊಯ್ದ ಹೊತ್ತಿನ ಚೀಟಿ ತಿದ್ತೀವಾ?" ಅಂದೆ.

ಅವಳು ನಗಲಿಲ್ಲ. ಎಷ್ಟು ಸಲ ಕಳಿಸಿದರೂ ಅಳೆದ ಹೊತ್ತೇ ಉಳಿಯುವಂತೆ ತಿದ್ದಿದಳು. ಕಂಪ್ಯೂಟರಿನಲ್ಲೇ ಸಿಗ್ನಲ್ ತಪ್ಪಿಸಿ, ಮತ್ತೆ ಕೊಟ್ಟು, ಎರಡೆರಡು ಸಲ ನೋಡಿದಳು.

ಮರುದಿನ ಬೆಳಿಗ್ಗೆ ನನ್ನನ್ನೂ ತೋಟಕ್ಕೆ ಕರೆದುಕೊಂಡು ಹೊರಟಳು. ದಾರಿಯಲ್ಲಿ, "ತಪ್ಪನ್ನ ಟವರ್ ಮೇಲೆ ಹಾಕ್ಬುಡು, ನಿನ್ ಕೆಲ್ಸ ಹೋದಾತು" ಅಂದೆ.  ಆದರೆ ಅವಳು ಓನರ್ ಮುಂದೆ ನಿಂತು ನೇರವಾಗಿ ಹೇಳಿದಳು: "ತಪ್ಪು ನಂದು ಸಾರ್. ನಮ್ಮವ್ವಂದಲ್ಲ."

ಅವರು ನನ್ನ ಕಡೆ ತಿರುಗಿದರು. ನಾನು ಒಂದು ಹೆಜ್ಜೆ ಮುಂದೆ ಬಂದೆ.

"ನಾನ್ ಬಾಗ್ಲು ತೆರೆದಿಟ್ಟಿರ್ಲಿಲ್ಲ ಸಾರ್. ಅವತ್ತೇ ಹೇಳ್ಬೇಕಿತ್ತು."

ಅವರು, ಇವತ್ತು ಮೂರಕ್ಕೆ ಕೆಲಸಕ್ಕೆ ಬಾ ಅಂದರು. ಬೇರೆ ತೋಟಗಳಲ್ಲೂ ಅದೇ ಪೆಟ್ಟಿಗೆಗಳಿದ್ದವು. ಅಲ್ಲೂ ಯಾರ ಯಾರ ತಲೆಗೆ ಏನೇನು ಆರೋಪ ಬಂದಿದೆಯೋ ಎನ್ನುತ್ತ ನಿಮ್ಮ ಅವ್ವ ಊಟವನ್ನೂ ಮಾಡದೆ, ಅವನ್ನೂ ತಿದ್ದಲು ಬಸ್ಸು ಹತ್ತಿದಳು.