ಎಲೆಯೊಳಗಿನ ಹನ್ನೊಂದು ರೂಪಾಯಿ

ಮನುಷ್ಯನು ತೊಟ್ಟಿಲಿನಿಂದ ಚಟ್ಟದವರೆಗೆ ಗ್ರಾಹಕನೇ ಆಗಿರುತ್ತಾನೆ ಎಂಬುದು ಬಹುಕಾಲದ ಚಿಂತನೆಯ ನಂತರ ನಾನು ತಲುಪಿದ್ದ ತೀರ್ಮಾನ. ಬಳ್ಳಾರಿಯ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ವಕೀಲರೊಬ್ಬರು ಅರ್ಧ ಲೋಟ ಮುಗಿಯುವುದರೊಳಗೆ ಆ ತೀರ್ಮಾನವನ್ನು ಕೆಡವಿದರು.

“ಈ ಚಾಕ್ಕ ರೊಕ್ಕ ಕೊಟ್ಟವ್ರು ನೀವು, ಹಂಗಾಗಿ ನೀವು ಗ್ರಾಹಕ್ರು. ನಿಮ್ಮ ಒಪ್ಪಿಗಿ ಮ್ಯಾಲೆ ಕುಡಿಯಾಕತ್ತೀನಿ, ನಾನೂ ಗ್ರಾಹಕ. ಅಂಗಡಿಯವ ಊರಿಗೆಲ್ಲ ಪುಕ್ಕಟೆ ಹಂಚಿದ್ದ ಅಂದ್ರ, ಒಳಗ ಹಲ್ಲಿ ಬಿದ್ದಿದ್ರೂ ನಾವಿಬ್ರೂ ಏನೂ ಅಲ್ಲ.”

ನಾನು ಲೋಟದೊಳಗೆ ಒಮ್ಮೆ ಇಣುಕಿ ನೋಡಿ, ಪಕ್ಕದಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿದೆ.

ಅಕ್ಕ ಸಿರುಗುಪ್ಪದವಳು. ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಮಗಳನ್ನು ನೋಡಲೆಂದು ಕುರುಗೋಡಿಗೆ ಹೋದಾಗ ಅಲ್ಲಿ ಉಚಿತ ನೇತ್ರ ಶಿಬಿರ ನಡೆದಿತ್ತು. ಬಲಗಣ್ಣಿನ ಪೊರೆ ತೆಗೆದು, ಹಸಿರು ಬಟ್ಟೆ ಕಟ್ಟಿ, ಬಾಳೆಹಣ್ಣು ಕೊಟ್ಟು ಕಳಿಸಿದರು. ವಾರದೊಳಗೆ ಕಣ್ಣಿನಲ್ಲಿ ಕೀವು ತುಂಬಿತು. ಶಿಬಿರ ನಡೆದ ಜಾಗಕ್ಕೆ ಹೋದರೆ ಶಾಮಿಯಾನದ ಗೂಟ ಕಿತ್ತ ಕುಳಿಗಳಿದ್ದವು, ಡಾಕ್ಟರಿರಲಿಲ್ಲ. ಕಣ್ಣು ಹೋಯಿತು. ಈಗ ಎಡಗಣ್ಣಿಗೂ ಪೊರೆ ಬಂದಿದೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯಬೇಕು.

ಬಳ್ಳಾರಿಯ ಒಳ್ಳೆಯ ಆಸ್ಪತ್ರೆಯಲ್ಲಿ ನಾನೇ ಖರ್ಚು ಹಾಕಿ ಆಪರೇಷನ್ ಮಾಡಿಸುತ್ತೇನೆ ಎಂದಿದ್ದೆ. ಅಕ್ಕ ಒಪ್ಪಲಿಲ್ಲ. “ನಿನ್ನ ರೊಕ್ಕದ ಕಣ್ಣಿಲೆ ನಿನ್ನ ಮಾರಿ ಹೆಂಗ ನೋಡ್ಲಿ? ನಾಚಿಕಿ ಆಗ್ತೈತಿ, ಹೋಗಲೇ.” ಹೋದ ಕಣ್ಣಿಗೆ ಶಿಬಿರದವರಿಂದ ಪರಿಹಾರ ಬಂದರೆ ಅದು ಅವಳದೇ ದುಡ್ಡು. ಹೀಗೆ ನನ್ನ ಸಲಹೆಯ ಮೇರೆಗೆ, ಒಂದು ಕಣ್ಣನ್ನು ಉಳಿಸಲು ಇನ್ನೊಂದು ಕಣ್ಣು ದೂರುದಾರನಾಯಿತು.

ವಕೀಲರು ಲೋಟ ಕೆಳಗಿಡದೆ ಕೇಳಿದರು: “ಅಮ್ಮಾ, ಶಿಬಿರದಾಗ ಏನಾರ ರೊಕ್ಕ ಕೊಟ್ಟಿದ್ರೇನು?”

“ಕೊಟ್ಟೀನಲ್ರಿ. ಹನ್ನೊಂದು ರೂಪಾಯಿ.”

ವಕೀಲರು ಲೋಟ ಕೆಳಗಿಟ್ಟರು. ಹನ್ನೊಂದು ರೂಪಾಯಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. “ಗಟ್ಟಿ ದಾರ ಅಲ್ಲ, ಆದ್ರ ದಾರ ಐತಿ. ಕೇಳಿದ್ರ ಫೀಸು ಅನ್ರಿ. ಮತ್ತೇನೂ ಮಾತಾಡಬ್ಯಾಡ್ರಿ.”

ಅಕ್ಕ ತಲೆಯಾಡಿಸಿದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ವಾಯಿದೆಗಳ ಮೇಲೆ ವಾಯಿದೆ ಬಿದ್ದು, ಕೊನೆಗೊಂದು ದಿನ ಗ್ರಾಹಕರ ಆಯೋಗದ ಮುಂದೆ ನಿಂತೆವು. ಶಿಬಿರದವರ ವಕೀಲರು ಎದ್ದು, ತಮ್ಮವರು ಯಾರಿಂದಲೂ ಒಂದು ಪೈಸೆ ಪಡೆದಿಲ್ಲ, ಸೇವೆ ಸಂಪೂರ್ಣ ಉಚಿತ, ಆದ್ದರಿಂದ ಈಕೆ ಕಾನೂನಿನ ಪ್ರಕಾರ ಗ್ರಾಹಕಳೇ ಅಲ್ಲ ಎಂದರು. ಕಣ್ಣಿನ ಬಗ್ಗೆ ಅವರು ತಕರಾರೇ ತೆಗೆಯಲಿಲ್ಲ. ಕಣ್ಣು ಹೋದದ್ದು ನಿಜ. ಹೋದದ್ದು ಗ್ರಾಹಕಳದಲ್ಲ, ಅಷ್ಟೇ.

ಅಧ್ಯಕ್ಷರು ಅಕ್ಕನನ್ನೇ ಕೇಳಿದರು: “ಹನ್ನೊಂದು ರೂಪಾಯಿ ಯಾತಕ್ಕೆ ಕೊಟ್ಟಿರಮ್ಮಾ?”

ನಮ್ಮ ವಕೀಲರು ಕೆಮ್ಮಿದರು. ನಾನೂ ಕೆಮ್ಮಿದೆ.

“ಪುಕ್ಕಟೆ ಔಷಧ ಮೈಗೆ ಹತ್ತಲ್ರೀ ಸಾಹೇಬ್ರ. ಅದಕ್ಕ ಎಲಿ ಅಡಿಕಿಯೊಳಗ ಇಟ್ಟು ಡಾಕ್ಟರ ಕಾಲು ಮುಟ್ಟಿದ್ನಿ.”

“ಫೀಸು ಅಂತ ಕೇಳಿದ್ರಾ ಅವರು?”

“ಇಲ್ರೀ. ಬ್ಯಾಡಂದ್ರು ಪಾಪ. ನಾನ ಜುಲುಮಿಯಿಂದ ಕಿಸೇಕ ಹಾಕಿದ್ನಿ.”

ಎದುರು ವಕೀಲರು ಕೂಡ ಒಂದು ಕ್ಷಣ ತಲೆ ತಗ್ಗಿಸಿದರು; ಆಮೇಲೆ ಬರೆದುಕೊಂಡರು.

ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುವಾಗ ನನ್ನ ಸಿಟ್ಟು ಹೊರಬಿತ್ತು. “ಫೀಸು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತಕ್ಕಾ?”

“ಫೀಸು ಅಂದ್ರ ಒಂದು ಕಣ್ಣಿಗೆ ಹನ್ನೊಂದು ರೂಪಾಯಿ ಬೆಲಿ ಕಟ್ಟಿದಂಗಾತಲ್ಲೋ, ತಮ್ಮಾ. ಕೊಟ್ಟಿದ್ದು ಮರ್ಯಾದಿಗೆ.”

ಬಸ್ಸು ಬಂತು. ಅದರ ಬೋರ್ಡನ್ನು ನಾನು ಓದಿ ಹೇಳಬೇಕಾಯಿತು. ಹತ್ತುವ ಮೊದಲು ಸೆರಗು ಸರಿಮಾಡಿಕೊಂಡು, ಬಹಳ ದಿನದಿಂದ ಒಳಗಿಟ್ಟುಕೊಂಡವಳಂತೆ ಮೆಲ್ಲಗೆ ಕೇಳಿದಳು: “ಐವತ್ತೊಂದು ಇಡಬೇಕಿತ್ತೇನೋ? ಹನ್ನೊಂದು ಕಮ್ಮಿ ಆತೇನು?”

ನಾನು ಅವಳ ಕೈ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿಸಿದೆ.

ಅಕ್ಕ ಗ್ರಾಹಕಳಲ್ಲವೆಂದು ಆಯೋಗ ದೂರನ್ನು ವಜಾ ಮಾಡಿತು. ಎಡಗಣ್ಣಿನ ಆಪರೇಷನ್ ಇನ್ನೂ ಆಗಿಲ್ಲ.