ಹಸಿರಂಗಿ ಹಸಿರಾಗಿಯೇ ಕಾಣಬೇಕು

ಬೆಳಗಿನ ಆರು ಗಂಟೆ. ಅಂಕೋಲೆಯ ಕಡಲ ದಂಡೆಯಲ್ಲಿ ಪೊಲೀಸರು ಟಾರ್ಪಾಲು ಸರಿಸುತ್ತಾರೆ. ಬಾಳೆಗುಳಿಯ ಫೋಟೋಗ್ರಾಫರ್ ಗಿರಿಧರ ಮೂಗಿಗೆ ಟವೆಲ್ ಕಟ್ಟಿಕೊಂಡು ಹೆಣದ ಪಕ್ಕ ಮೊಣಕಾಲೂರುತ್ತಾರೆ. ಮೊದಲು ಅಂಗಿ, ಗುಂಡಿ, ಕಾಲರಿನೊಳಗಿನ ಟೈಲರ್ ಚೀಟಿ. ಮುಖ ಕೊನೆಗೆ. ನೀರಲ್ಲಿ ನಾಲ್ಕು ದಿನ ಇದ್ದವರ ಮುಖ ಹೆತ್ತವಳಿಗೂ ಗುರುತು ಸಿಗುವುದಿಲ್ಲ, ಬಟ್ಟೆಯೇ ಹೆಸರು ಹೇಳಬೇಕು.

ಹನ್ನೊಂದು ವರ್ಷದಲ್ಲಿ ಇಂಥ ನೂರಾ ಮೂವತ್ತು ಹೆಣಗಳ ಫೋಟೋ ತೆಗೆದಿದ್ದಾರೆ. ಊರು ಕೊಟ್ಟ ಬಹುಮಾನವೇನು? ಹೆಣ ನೋಡಿದ ಕ್ಯಾಮೆರಾ ಮದುಮಗಳಿಗೆ ಬೇಡವೆಂದು ಮದುವೆ ಆರ್ಡರುಗಳೆಲ್ಲ ಕೈತಪ್ಪಿವೆ. ತಮ್ಮವರು ಕಾಣೆಯಾದಾಗ ಮಾತ್ರ ಇದೇ ಜನ ಇವರ ಬಾಗಿಲು ತಟ್ಟುತ್ತಾರೆ. ಇದನ್ನು ಬರೆಯುತ್ತಿರುವ ನನಗೆ ಸಿಟ್ಟು ಬರುತ್ತದೆ. ಅವರಿಗೆ ಅದರ ಚಿಂತೆಯೇ ಇಲ್ಲ, ಅವರನ್ನು ತಿನ್ನುತ್ತಿರುವುದು ಒಂದು ಹಸಿರು ಅಂಗಿ.

ಎರಡು ವರ್ಷದ ಹಿಂದಿನ ಮಾತು. ಅವರ ಲ್ಯಾಪ್‌ಟಾಪಿನ ಪರದೆ ಹಳದಿಗಟ್ಟಿತ್ತು. ಅದು ತಿಳಿಯದೆ, ಆಗಷ್ಟೇ ತೆಗೆದ ಒಂದು ಹೆಣದ ಫೋಟೋವೇ ಹಳದಿಯಾಗಿದೆ ಎಂದುಕೊಂಡು ನೀಲಿ ಏರಿಸಿ ಪ್ರಿಂಟ್ ಹಾಕಿಸಿದರು. ಕಾಣೆಯಾದ ಗಂಡ ತಿಮ್ಮುವನ್ನು ಹುಡುಕುತ್ತಿದ್ದ ಶೆಟಗೇರಿಯ ಸೋಮಿ ಠಾಣೆಯಲ್ಲಿ ಆ ಪ್ರಿಂಟ್ ನೋಡಿ, ತನ್ನ ಗಂಡನದು ಹಸಿರಂಗಿ, ಇದು ನೀಲಿ ಎಂದು ಸಮಾಧಾನದಿಂದ ಮನೆಗೆ ಹೋದರು. ವಾರಸುದಾರರಿಲ್ಲವೆಂದು ಹೆಣ ಹೂಳಲಾಯಿತು. ನಾಲ್ಕು ತಿಂಗಳ ಮೇಲೆ ಮತ್ತೆ ವಿಚಾರಿಸಲು ಬಂದ ಸೋಮಿ, ಠಾಣೆಯಲ್ಲಿ ತೆಗೆದಿಟ್ಟಿದ್ದ ಅಂಗಿಯನ್ನೇ ಕಂಡರು. ಅದರ ಎರಡನೇ ಗುಂಡಿ ಅವರೇ ಕೈಯಾರೆ ಹೊಲಿದದ್ದು. ಅಷ್ಟೂ ದಿನ ಅವರು ಗಂಡನಿಗೆಂದು ಅನ್ನ ಎತ್ತಿಡುತ್ತಿದ್ದರು. ಗುಂಡಿಯ ಫೋಟೋ ಬೇರೆಯಾಗಿ ತೆಗೆಯುವ ರೂಢಿ ಗಿರಿಧರರಿಗೆ ಬಂದದ್ದು ಆಮೇಲೆ.

"ಹೆಣ ಖರೇನೇ ಹೇಳಿತ್ತು. ಸುಳ್ಳು ಹೇಳ್ದವ ನಾನು," ಎನ್ನುತ್ತಾರೆ.

ಈ ವಾರ ಬೇರೆ ಲ್ಯಾಪ್‌ಟಾಪ್ ಕೊಳ್ಳಲು ಕಾರವಾರಕ್ಕೆ ಹೊರಟಾಗ ನಾನೂ ಜೊತೆಗಿದ್ದೆ. ಎರಡು ವರ್ಷ ಕೂಡಿಟ್ಟದ್ದು ನಲವತ್ತು ಸಾವಿರ. ಅಂಗಡಿಯ ಸಂದೀಪ ವೇಗದ ಗುಣಗಾನ ಮಾಡುತ್ತಾನೆ, ಕೀಲಿಗಳ ಕೆಳಗೆ ಉರಿಯುವ ಬಣ್ಣದ ದೀಪ ತೋರಿಸುತ್ತಾನೆ. ಗಿರಿಧರ ಚೀಲದಿಂದ ತಿಮ್ಮುವಿನ ಅಂಗಿಯಂಥದೇ ಹಸಿರು ಬಟ್ಟೆಯ ತುಂಡು ತೆಗೆಯುತ್ತಾರೆ. ಪೆನ್‌ಡ್ರೈವಿನಲ್ಲಿರುವ ಅದರ ಫೋಟೋ ತೆರೆಸಿ, ಬಟ್ಟೆಯನ್ನು ಪರದೆಯ ಪಕ್ಕ ಹಿಡಿಯುತ್ತಾರೆ. ಒಂದರಲ್ಲಿ ಹಸಿರು ಬೂದಿಯಾಗಿದೆ. ಇನ್ನೊಂದನ್ನು ತುಸು ಓರೆಯಲ್ಲಿ ನೋಡಿದರೆ ನೀಲಿ. ಹೀಗೆ ಏಳನ್ನು ಮುಚ್ಚಿಸುವಷ್ಟರಲ್ಲಿ ಸಂದೀಪನ ಮುಖ ಗಂಟಾಗಿದೆ. ಕೊನೆಗೆ ಮೂಲೆಯಲ್ಲಿದ್ದ, ಯಾವುದೋ ಕಚೇರಿ ಬಳಸಿ ಬಿಟ್ಟ ಭಾರದ ಲ್ಯಾಪ್‌ಟಾಪಿನಲ್ಲಿ ಬಟ್ಟೆಯೂ ಫೋಟೋವೂ ಒಂದೇ ಬಣ್ಣ. ಗ್ಯಾರಂಟಿ ಇಲ್ಲ, ಬಹಳ ನಿಧಾನ ಎಂದು ಸಂದೀಪ ಎಚ್ಚರಿಸುತ್ತಾನೆ.

"ಇರ್ಲಿ ಮಾರಾಯ. ನನ್ನ ಗಿರಾಕಿಗಳಿಗೆ ಗಡಿಬಿಡಿ ಇಲ್ಲ."

ಅಲ್ಲಿಂದ ನೇರ ಶೆಟಗೇರಿ. ಬೇಡ ಎಂದೆ, ಕೇಳಲಿಲ್ಲ. ಬಣ್ಣ ಸರಿ ಬಂದಿದೆಯೇ ಎಂದು ಹೇಳಬಲ್ಲವರು ಸೋಮಿ ಒಬ್ಬರೇ ಎಂಬುದು ಅವರ ಹಟ. ಜಗಲಿಯಲ್ಲಿ ಕೂತು, ತಿದ್ದದೆ ಉಳಿದಿದ್ದ ಮೂಲ ಫೋಟೋದಲ್ಲಿ ಅಂಗಿಯಷ್ಟನ್ನೇ ದೊಡ್ಡದು ಮಾಡಿ ತೋರಿಸುತ್ತಾರೆ. ಸೋಮಿ ಬಗ್ಗಿ ನೋಡುತ್ತಾರೆ. ಆಮೇಲೆ ಪರದೆಯ ಮೇಲೆ ಕೈಯಿಡುತ್ತಾರೆ.

"ಇದೇ ಬಣ್ಣ, ತಮಾ. ಅವತ್ತು ಹಿಂಗೇ ಕಂಡಿದ್ರೆ ನಾ ಅವ್ರನ್ನ ಮನಿಗೆ ತಕಂಡು ಬರ್ತಿದ್ದೆ."