ಇಯರ್‌ಫೋನಿನಲ್ಲಿ ದೊಡ್ಡವ್ವನ ಗಂಟಲು

ಪಾಂಡವಪುರದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಸಹಾಯಕ. ಶ್ರುತಿಕವೆ, ಲೆನ್ಸು, ತಂತಿ ಸುರುಳಿಗಳ ಧೂಳು ಒರೆಸಿ ವಿದ್ಯಾರ್ಥಿಗಳ ಕೈಗೆ ಕೊಡುವುದು, ಸಂಜೆ ಮತ್ತೆ ಬೀರುವಿನೊಳಗೆ ಇಡುವುದು ನನ್ನ ಕೆಲಸ. ಮನೆ ಶ್ರೀರಂಗಪಟ್ಟಣದಲ್ಲಿ. ಹೋಗುವಾಗ ಬರುವಾಗ ಬಸ್ಸು. ಬಸ್ಸಿನ ಗದ್ದಲದಲ್ಲಿ ಹಾಡು ಕೇಳಲು ಇಯರ್‌ಫೋನು ಹುಡುಕುತ್ತಾ ಹುಡುಕುತ್ತಾ ಅದೇ ಒಂದು ಹುಚ್ಚಾಗಿ ಬೆಳೆಯಿತು. ಮೂರು ವರ್ಷದಿಂದ ಒಂದು ಸಣ್ಣ ಕನ್ನಡ ವೆಬ್‌ಸೈಟಿಗೆ ಇಯರ್‌ಫೋನುಗಳ ಬಗ್ಗೆ ಬರೆಯುತ್ತಿದ್ದೇನೆ. ಯಾವುದು ಹೇಗೆ ಕೇಳುತ್ತದೆ, ಯಾರಿಗೆ ಹಿಡಿಸೀತು, ಇಷ್ಟೇ.

ಬರೆಯಲು ಕೂತಾಗಲೇ ಗೊತ್ತಾದದ್ದು, ಕೇಳುವುದಕ್ಕಿಂತ ಕೇಳಿದ್ದನ್ನು ಹೇಳುವುದು ಕಷ್ಟ ಅಂತ. ಕೆಳದನಿ ಜಾಸ್ತಿಯಾದರೆ 'ಗುಮ್ಮೆನ್ನುತ್ತದೆ' ಎಂದು ಬರೆಯುತ್ತಿದ್ದೆ. ಮೇಲುದನಿ ಚುಚ್ಚಿದರೆ 'ತಟ್ಟೆಗೆ ಚಮಚ ಬಡಿದಂತೆ' ಅನ್ನುತ್ತಿದ್ದೆ. ನಡುವಿನದಕ್ಕೆ, ಅಂದರೆ ಮನುಷ್ಯರ ಮಾತು ಹಾಡು ಇರುವ ಜಾಗಕ್ಕೆ, ನನ್ನಲ್ಲಿ ಪದವೇ ಇರಲಿಲ್ಲ. 'ಚೆನ್ನಾಗಿದೆ' ಎಂದು ಬರೆದು ಮುಂದೆ ಹೋಗುತ್ತಿದ್ದೆ.

ನಾಗಮಂಗಲದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಮದುವೆ, ಸಭೆಗಳಿಗೆ ಮೈಕ್‌ಸೆಟ್ ಹಾಕುತ್ತಾನೆ. ಅಂಗಡಿಯಲ್ಲಿ ಸ್ಪೀಕರು, ಆಂಪ್ಲಿಫೈಯರುಗಳ ರಿಪೇರಿಯೂ ಮಾಡುತ್ತಾನೆ. ಹೋದ ವರ್ಷ ಒಂದು ಶನಿವಾರ ಅವನ ಅಂಗಡಿಗೆ ಹೋದಾಗ ಹೊಸದೊಂದು ಜೊತೆ ಇಯರ್‌ಫೋನು ಕೈಗಿಟ್ಟ. ಇದರೊಳಗೆ ಎರಡು ಜಾತಿಯ ಯಂತ್ರ ಇವೆಯಂತೆ, ಹೈಬ್ರಿಡ್ ಅಂತಾರಂತೆ, ಕೇಳಿ ಬರೆದು ನೋಡು ಎಂದ. ಎರಡು ಜಾತಿ ಅಂದರೇನು ಎಂದು ಕೇಳಿದ್ದಕ್ಕೆ ಕೆಟ್ಟುಹೋಗಿದ್ದ ಅಂಥದ್ದೇ ಒಂದನ್ನು ಬ್ಲೇಡಿನಲ್ಲಿ ಸೀಳಿ, ಭೂತಗನ್ನಡಿ ಹಿಡಿದು ತೋರಿಸಿದ. ಒಳಗೆ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆ. ದೊಡ್ಡ ಸ್ಪೀಕರಿನ ಮರಿಯಂತೆ ಅದಕ್ಕೂ ಒಂದು ತೆಳುವಾದ ಪೊರೆ, ಹಿಂದೆ ಸುರುಳಿ. ಅದು ಕೆಳದನಿಗೆ. ಅದರ ಮುಂದೆ ಅಕ್ಕಿಕಾಳಿನಷ್ಟು ಉದ್ದದ ಲೋಹದ ಪೆಟ್ಟಿಗೆ. ಅದರೊಳಗೆ ಒಂದು ಸಣ್ಣ ಲೋಹದ ನಾಲಗೆ ಕಂಪಿಸುತ್ತದೆ. ಅದು ನಡುದನಿ ಮತ್ತು ಮೇಲುದನಿಗೆ.

ನನಗೆ ಕುತೂಹಲ ಹತ್ತಿದ್ದು ಅಲ್ಲೇ. ಒಂದೇ ಹಾಡನ್ನು ಇಬ್ಬರಿಗೆ ಹಂಚಿದರೆ, ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುವ ಜಾಗ ಕಿವಿಗೆ ಗೊತ್ತಾಗುವುದಿಲ್ಲವೇ? ಗೆಳೆಯ ನಕ್ಕು, ಅದು ಗೊತ್ತಾಗದ ಹಾಗೆ ಮಾಡಿದವನೇ ಜಾಣ ಎಂದ.

ಸೋಮವಾರ ಕಾಲೇಜು ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿ ಬೇಕಾದ ದನಿ ಹೊರಡಿಸುವ ಸಿಗ್ನಲ್ ಜನರೇಟರಿಗೆ ಇಯರ್‌ಫೋನು ಜೋಡಿಸಿಕೊಂಡು ಕೂತೆ. ಅತಿ ಕೆಳಗಿನ ದನಿಯಿಂದ ಶುರುಮಾಡಿ ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತಾ ಮೇಲಕ್ಕೆ ಹೋದೆ. ಎಲ್ಲಿಯೂ ತುಂಡಾಗಲಿಲ್ಲ, ಎಲ್ಲಿಯೂ ಎಡವಲಿಲ್ಲ. ಮತ್ತೆ ಕೆಳಗಿಳಿದೆ, ಮತ್ತೆ ಹತ್ತಿದೆ. ಬೀಗ ಹಾಕಲು ಬಂದ ಜವಾನ, ಕಿವಿಗೆ ಏನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಆಮೇಲೆ ನನ್ನ ಎಂದಿನ ಐದು ರೆಕಾರ್ಡಿಂಗುಗಳನ್ನು ಹಾಕಿಕೊಂಡು ಕೇಳಿದೆ. ಯಾವ ಇಯರ್‌ಫೋನು ಬಂದರೂ ಈ ಐದನ್ನೇ ಕೇಳುವುದು ನನ್ನ ಪದ್ಧತಿ. ಅವುಗಳಲ್ಲಿ ನಾಲ್ಕು ಸ್ಟುಡಿಯೋದವು. ಐದನೆಯದು ನಾನೇ ಮಾಡಿಕೊಂಡದ್ದು. ಬೂಕನಕೆರೆಯಲ್ಲಿ ನನ್ನ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ತನ್ನ ಜೊತೆಗಾತಿಯೊಂದಿಗೆ ಸೋಬಾನೆ ಪದ ಹೇಳಿದ್ದನ್ನು ಅವರ ಮನೆಯ ಜಗುಲಿಯಲ್ಲಿ, ಎರಡು ಮೈಕಿನ ಸಣ್ಣ ರೆಕಾರ್ಡರಿನಲ್ಲಿ ಹಿಡಿದಿದ್ದೆ. ಎಡ ಮೈಕಿನ ಕಡೆ ದೊಡ್ಡವ್ವ, ಬಲ ಮೈಕಿನ ಕಡೆ ಜೊತೆಗಾತಿ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಆಗಿನಿಂದಲೂ ಸುತ್ತಮುತ್ತಲ ಮದುವೆ, ಶಾಸ್ತ್ರಗಳಿಗೆಲ್ಲ ಒಟ್ಟಿಗೇ ಹೋಗಿ ಹಾಡುತ್ತಾರೆ. ದೊಡ್ಡವ್ವ ಸಾಲು ಎತ್ತುವವಳು, ಜೊತೆಗಾತಿ ಹಿಂದೆ ಹೇಳುವವಳು.

ಹಳೆಯ ಇಯರ್‌ಫೋನಿನಲ್ಲಿ ಆ ಪದ ಯಾವಾಗಲೂ ಸ್ವಲ್ಪ ಕಲಸಿದಂತೆ ಕೇಳುತ್ತಿತ್ತು. ಹೊಸದರಲ್ಲಿ ತೊಳೆದಿಟ್ಟ ಹಾಗೆ ಬಂತು. ಇಬ್ಬರ ದನಿಯೂ ಬೇರೆ ಬೇರೆ. ಹಿಂದೆ ಎಲ್ಲೋ ಹಸು ಕೊರಳು ಅಲ್ಲಾಡಿಸಿದ ಗಂಟೆಯೂ ಕೇಳಿತು. ಖುಷಿಯಲ್ಲಿ ಅಂದೇ ವಿಮರ್ಶೆ ಬರೆದೆ. 'ಎರಡು ಯಂತ್ರಗಳ ಬೆಸುಗೆ ಎಲ್ಲಿದೆ ಎಂದು ಹುಡುಕಿದರೂ ಸಿಗದು' ಎಂಬ ಸಾಲು ನನಗೇ ತುಂಬ ಹಿಡಿಸಿತು. ಆದರೆ ಕಳಿಸುವ ಮೊದಲು ದೊಡ್ಡವ್ವನಿಗೆ ಅವಳ ದನಿಯನ್ನು ಒಮ್ಮೆ ಕೇಳಿಸಬೇಕು ಅನ್ನಿಸಿತು. ಅಷ್ಟು ವರ್ಷ ಹಾಡಿದವಳು ತನ್ನನ್ನು ತಾನು ಸರಿಯಾಗಿ ಕೇಳಿಕೊಂಡಿದ್ದೇ ಇಲ್ಲ.

ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೊರಟೆ. ನಾನು ತಲುಪಿದಾಗ ದೊಡ್ಡವ್ವ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು ಜಗುಲಿಯ ಮೇಲೆ ಕೂತಳು. ಓಲೆಗೆ ಸಿಕ್ಕದ ಹಾಗೆ ಇಯರ್‌ಫೋನು ಹಾಕುವಷ್ಟರಲ್ಲಿ ನನಗೆ ಸಾಕಾಯಿತು. ಪದ ಶುರುವಾಯಿತು. ಅವಳು ಎದುರಿನ ಗೋಡೆ ನೋಡುತ್ತಾ ಕೇಳಿದಳು. ಒಂದು ಪದ ಪೂರ್ತಿ ಮುಗಿದ ಮೇಲೆ ತೆಗೆದು ನನ್ನ ಕೈಗೆ ಕೊಟ್ಟಳು.

"ಇದು ನಾನಲ್ಲ ಕಣ್ಲಾ ಮಗ. ಯಾರೋ ಪ್ಯಾಟೆಯೋಳು ಪದ ಏಳ್ದಂಗದೆ."

ನನಗೆ ಇದು ಗೊತ್ತಿದ್ದ ವಿಷಯವೇ. ನಮ್ಮ ದನಿ ನಮಗೆ ಗಾಳಿಯಿಂದ ಮಾತ್ರವಲ್ಲ, ತಲೆಬುರುಡೆಯ ಮೂಳೆಯಿಂದಲೂ ಕೇಳುತ್ತದೆ. ಹಾಗಾಗಿ ರೆಕಾರ್ಡಿನಲ್ಲಿ ಕೇಳಿದಾಗ ಎಲ್ಲರಿಗೂ ತಮ್ಮದು ಬೇರೆಯವರ ದನಿ ಅನ್ನಿಸುತ್ತದೆ. ಇದನ್ನು ಅವಳಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡಳು, ಒಪ್ಪಲಿಲ್ಲ. ನನ್ನ ದನಿ ನನಗೆ ಗೊತ್ತಾಗದಿದ್ದರೆ ಬೇಡ, ಗೊತ್ತಿರುವವಳನ್ನೇ ಕರೆಯುತ್ತೇನೆ ಎಂದು ಎರಡು ಮನೆ ಆಚೆಗಿದ್ದ ಜೊತೆಗಾತಿಯನ್ನು ಕೂಗಿದಳು.

ಜೊತೆಗಾತಿ ಬಂದಳು. ದೊಡ್ಡವ್ವನಿಗಿಂತ ಸಣ್ಣ ಆಳು, ಮಾತು ಕಡಿಮೆ. ಇಯರ್‌ಫೋನು ಹಾಕಿಕೊಂಡು, ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಕೇಳಿದಳು. ನಡುವೆ ಒಂದು ಸಲ ತೆಗೆದು ದೊಡ್ಡವ್ವನ ಮುಖ ನೋಡಿದಳು. ಮತ್ತೆ ಹಾಕಿಕೊಂಡಳು.

"ಚೆಂದಾಗದೆ," ಎಂದಳು. "ಆದ್ರೆ ಇವ್ಳ ಗಂಟ್ಲಲ್ಲಿ ಒಂದು ಗರಗರ ಅದೆ. ಅದ್ನ ಯಾರೋ ಉಜ್ಜಿ ತಗುದ್ಬುಟ್ಟವ್ರೆ."

ನನಗೆ ಆ ಮಾತು ನಾಟಿತು. ದೊಡ್ಡವ್ವನನ್ನು ಅಲ್ಲೇ ಒಂದು ಸಾಲು ಹೇಳಲು ಕೇಳಿಕೊಂಡೆ. ಅವಳು ಹೇಳಿದಳು. ನಾನು ಎದುರಿಗೆ ಕೂತು ಕೇಳಿ, ಕೂಡಲೇ ಅದೇ ಸಾಲನ್ನು ಇಯರ್‌ಫೋನಿನಲ್ಲಿ ಕೇಳಿದೆ. ಮತ್ತೆ ಅವಳ ಬಾಯಲ್ಲಿ, ಮತ್ತೆ ಇಯರ್‌ಫೋನಿನಲ್ಲಿ. ನಾಲ್ಕನೇ ಸಲಕ್ಕೆ ಸಿಕ್ಕಿತು. ಸಾಲಿನ ಕೊನೆಯಲ್ಲಿ ದನಿ ಏರುವಾಗ ಅವಳ ಗಂಟಲಲ್ಲಿ ಒಣ ರಾಗಿಹುಲ್ಲು ಸರಿದಂಥ ಒಂದು ಸದ್ದು ಬರುತ್ತಿತ್ತು. ಇಯರ್‌ಫೋನಿನಲ್ಲಿ ಆ ಜಾಗ ನುಣುಪಾಗಿತ್ತು. ನಾನು 'ತೊಳೆದಿಟ್ಟ ಹಾಗೆ' ಎಂದು ಮೆಚ್ಚಿದ್ದು ಅದನ್ನೇ. ತೊಳೆದಾಗ ಏನು ಹೋಯಿತು ಎಂದು ಕೇಳಿಕೊಂಡಿರಲಿಲ್ಲ.

ಕಿವಿಯೊಳಗೆ ಕೂರುವ ರಬ್ಬರು ಸಡಿಲವಾಗಿದ್ದರೂ ದನಿ ಬದಲಾಗುತ್ತದೆ. ಅದಕ್ಕೇ ಜೇಬಿನಲ್ಲಿದ್ದ ಮೂರು ಅಳತೆಯ ರಬ್ಬರುಗಳನ್ನೂ ಒಂದೊಂದಾಗಿ ಹಾಕಿ ನೋಡಿದೆ. ಕೆಳದನಿ ಹೆಚ್ಚಿತು, ಕಡಿಮೆಯಾಯಿತು. ಗರಗರ ಮಾತ್ರ ಬರಲಿಲ್ಲ. ಬ್ಯಾಗಿನಲ್ಲಿದ್ದ ನನ್ನ ಹಳೆಯ ಸಾದಾ ಇಯರ್‌ಫೋನು ತೆಗೆದು ಜೊತೆಗಾತಿಗೆ ಕೊಟ್ಟೆ. ಅವಳು ಎರಡು ಸಾಲು ಕೇಳಿ, "ಇದ್ರೊಳಗವ್ಳೆ ನೋಡು," ಎಂದಳು. ಕಲಸಿದಂತಿದ್ದರೂ ಅದರಲ್ಲಿ ದೊಡ್ಡವ್ವ ಇದ್ದಳು.

ಅಷ್ಟರಲ್ಲಿ ದೊಡ್ಡವ್ವನಿಗೂ ಕುತೂಹಲ ಬಂದಿತ್ತು. ಇಬ್ಬರೂ ಒಟ್ಟಿಗೆ ಕೇಳೋಣ ಎಂದಳು. ಹೊಸ ಇಯರ್‌ಫೋನನ್ನೇ ಮತ್ತೆ ಜೋಡಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ತಂತಿ ಗಿಡ್ಡವಾದ್ದರಿಂದ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು. ನಾನು ಯೋಚಿಸಿ ಕೊಟ್ಟದ್ದಲ್ಲ. ಎಡಗಡೆಯದು ಜೊತೆಗಾತಿಗೆ ಹೋಯಿತು, ಬಲಗಡೆಯದು ದೊಡ್ಡವ್ವನಿಗೆ. ಹಾಗಾಗಿ ಒಬ್ಬಳಿಗೆ ಇನ್ನೊಬ್ಬಳ ದನಿಯೇ ಜೋರಾಗಿ ಕೇಳುವಂತಾಯಿತು.

ಎರಡನೇ ಪದದ ನಡುವೆ ದೊಡ್ಡವ್ವ ಕೈಯೆತ್ತಿ ನಿಲ್ಲಿಸು ಎಂದಳು. ಸ್ವಲ್ಪ ಹಿಂದಕ್ಕೆ ಹಾಕಿಸಿ ಕೇಳಿದಳು. ಮತ್ತೊಮ್ಮೆ ಹಾಕಿಸಿದಳು. ಮೂರನೇ ಸಲ ಕೇಳಿದ ಮೇಲೆ ಜೊತೆಗಾತಿಯ ಕಡೆ ತಿರುಗಿದಳು.

"ಇಲ್ಲಿ ನೀನು ಉಸ್ರೇ ತಕ್ಕಳಾಕಿಲ್ವಲ್ಲೇ. ಯಾಕೆ ಅಂಗೆ ಎಳೀತಿದ್ದೀಯೆ?"

ಜೊತೆಗಾತಿ ಇಯರ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಳು. ದೊಡ್ಡವ್ವ ಬಿಡಲಿಲ್ಲ.

"ನೀನು ಬುಟ್ಟ ಕಡೆ ನಾನು ಇಡ್ಕಬೇಕಲ್ಲ," ಎಂದಳು ಜೊತೆಗಾತಿ.

ಎರಡನ್ನೂ ಇಸಿದುಕೊಂಡು ಆ ಜಾಗವನ್ನು ಮತ್ತೆ ಹಾಕಿದಾಗ ನನಗೂ ಅದು ಕೇಳಿಸಿತು. ದೊಡ್ಡವ್ವ ಸಾಲಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು, ಚಿಟಿಕೆ ಹೊಡೆಯುವಷ್ಟು ಹೊತ್ತು. ಆ ಖಾಲಿ ಜಾಗ ಕಾಣದ ಹಾಗೆ ಜೊತೆಗಾತಿ ಹಿಂದಿನ ಸಾಲಿನ ಕೊನೆಯ ದನಿಯನ್ನು ಕೆಳಗೆ, ಬಹಳ ಮೆಲ್ಲಗೆ ಎಳೆದು ಹಿಡಿಯುತ್ತಿದ್ದಳು. ಹಳೆಯ ಇಯರ್‌ಫೋನಿನಲ್ಲಿ ಆ ಕೆಳದನಿ ಕಲಸಿಹೋಗುತ್ತಿತ್ತು. ಇದರ ಬಿಲ್ಲೆ ಅದನ್ನು ಎತ್ತಿ ತೋರಿಸಿತ್ತು. ವರ್ಷದಿಂದ ಅದೇ ರೆಕಾರ್ಡಿಂಗನ್ನು ಎಷ್ಟೋ ಸಲ ಕೇಳಿದ್ದ ನನಗೆ ಇದು ಗೊತ್ತಾಗಿರಲಿಲ್ಲ.

"ಯಾವಾಗ್ಲಿಂದ?" ಎಂದು ದೊಡ್ಡವ್ವ ಕೇಳಿದಳು.

"ನಿಂಗೆ ಆ ಕೆಮ್ಮು ಬಂತಲ್ಲ, ಆಗ್ಲಿಂದ."

ದೊಡ್ಡವ್ವನಿಗೆ ಕೆಮ್ಮು ಹಿಡಿದು ಹಾಸಿಗೆ ಹಿಡಿದಿದ್ದು ಮೂರು ವರ್ಷದ ಹಿಂದೆ. ಅವಳು ಎದ್ದು ಒಳಗೆ ಹೋದಳು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು. ಜೊತೆಗಾತಿ ನನ್ನನ್ನು ನೋಡಿ, ಬೇಡದ ಕೆಲಸ ಮಾಡಿದೆ ಎಂಬಂತೆ ತಲೆ ಅಲ್ಲಾಡಿಸಿದಳು. ನನಗೂ ಹಾಗೇ ಅನ್ನಿಸಿತು. ತಂತಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಮೂರು ಲೋಟ ಕಾಫಿ ತಂದಳು. ಮೊದಲ ಲೋಟವನ್ನು ಜೊತೆಗಾತಿಯ ಕೈಗೆ ಕೊಟ್ಟು ಪಕ್ಕದಲ್ಲೇ ಕೂತಳು. ನಂಗೆ ಏಳ್ಬಾರ್ದಾಗಿತ್ತಾ ಎಂದು ಮಾತ್ರ ಕೇಳಿದಳು. ಹೇಳಿದ್ದರೆ ನೀನು ಹಾಡುವುದನ್ನೇ ಬಿಡುತ್ತಿದ್ದೆ ಎಂದು ಜೊತೆಗಾತಿ ಕಾಫಿ ಆರಿಸಿಕೊಳ್ಳುತ್ತಾ ಹೇಳಿದಳು. ಅದು ನಿಜವೆಂದು ಮೂವರಿಗೂ ಗೊತ್ತಿತ್ತು.

ಮರುದಿನ ಗೆಳೆಯನಿಗೆ ಫೋನು ಮಾಡಿ ಗರಗರದ ವಿಷಯ ಹೇಳಿದಾಗ ಅವನು ಸುಲಭಕ್ಕೆ ನಂಬಲಿಲ್ಲ. ಇದೊಂದೇ ಜೊತೆಯ ದೋಷ ಇರಬಹುದು ಎಂದು ಅಂಥದ್ದೇ ಇನ್ನೊಂದನ್ನು ತೆಗೆದುಕೊಂಡು ಮುಂದಿನ ಶನಿವಾರ ತಾನೇ ಕಾಲೇಜಿಗೆ ಬಂದ. ಪ್ರಾಂಶುಪಾಲರ ಒಪ್ಪಿಗೆ ಪಡೆದು ಇಬ್ಬರೂ ಪ್ರಯೋಗಾಲಯದಲ್ಲಿ ಕೂತೆವು. ರಬ್ಬರ್ ಕೊಳವೆಯ ಸಣ್ಣ ತುಂಡಿನ ಒಂದು ತುದಿಗೆ ಇಯರ್‌ಫೋನು, ಇನ್ನೊಂದು ತುದಿಗೆ ಅವನು ತಂದ ಗುಂಡುಸೂಜಿ ತಲೆಯಂಥ ಮೈಕು ಸಿಕ್ಕಿಸಿ, ಮೈಕಿನ ತಂತಿಯನ್ನು ಆಸಿಲೋಸ್ಕೋಪಿಗೆ ಕೊಟ್ಟೆವು. ಅದು ದನಿಯನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ. ನಾನು ಗುಂಡಿ ತಿರುಗಿಸುತ್ತಾ ಹೋದೆ, ಅವನು ಪರದೆ ನೋಡುತ್ತಿದ್ದ. ಕೆಳದನಿಯಲ್ಲಿ ಅಲೆ ಎತ್ತರವಾಗಿ ನಿಂತಿತ್ತು. ಬಿಲ್ಲೆಯ ಕೆಲಸ ಮುಗಿದು ಪೆಟ್ಟಿಗೆಯ ಕೆಲಸ ಶುರುವಾಗುವ ಕಡೆಯಲ್ಲೂ ಏನೂ ಆಗಲಿಲ್ಲ. ಅದನ್ನು ದಾಟಿ ಸ್ವಲ್ಪ ಮೇಲೆ ಹೋದಾಗ ಅಲೆ ಕುಗ್ಗತೊಡಗಿತು. ಇನ್ನೂ ಮೇಲೆ ಹೋದಾಗ ಮತ್ತೆ ಎದ್ದಿತು. ಎರಡನೇ ಜೊತೆಯಲ್ಲೂ ಹಾಗೇ. ನನ್ನ ಹಳೆಯದರಲ್ಲಿ ಆ ಜಾಗದಲ್ಲಿ ತಗ್ಗು ಇರಲಿಲ್ಲ.

ನಮ್ಮ ಕೊಳವೆ ಕಿವಿಯಲ್ಲ, ನಮ್ಮದು ಪಕ್ಕಾ ಅಳತೆಯೂ ಅಲ್ಲ. ಆದರೂ ತಗ್ಗು ಇದೆ ಎನ್ನುವುದಕ್ಕೆ ಅಷ್ಟು ಸಾಕಿತ್ತು. ನಾನು ಹುಡುಕಿದ್ದು ಬೆಸುಗೆಯ ಬಿರುಕನ್ನು. ಬಿರುಕು ಇರಲಿಲ್ಲ, ಅದರಿಂದ ಆಚೆಗೆ ಸದ್ದಿಲ್ಲದ ಒಂದು ಇಳಿಜಾರಿತ್ತು. ಗುಂಡಿಯನ್ನು ಅಷ್ಟು ನಿಧಾನವಾಗಿ ತಿರುಗಿಸಿದಾಗ ನನ್ನ ಕಿವಿ ಇಳಿಜಾರಿಗೆ ಹೊಂದಿಕೊಂಡೇ ಇಳಿದುಬಿಟ್ಟಿತ್ತು. ಗೆಳೆಯ ಬಹಳ ಹೊತ್ತು ಪರದೆ ನೋಡಿ, "ಆವಮ್ಮ ಯಾವ ಮಿಸೀನೂ ಇಲ್ದೆ ಇಡುದ್ಬುಟ್ಲಲ್ಲ," ಎಂದ.

ಹಳೆಯ ವಿಮರ್ಶೆಯನ್ನು ಅಳಿಸಿ ಹೊಸದಾಗಿ ಬರೆದೆ. ಈ ಇಯರ್‌ಫೋನು ಮೆಲ್ಲನೆಯ ಕೆಳದನಿಯನ್ನು ಬಿಡಿಸಿ ತೋರಿಸುತ್ತದೆ, ಆದರೆ ಗಂಟಲಿನ ಒರಟನ್ನು ಒರೆಸಿಹಾಕುತ್ತದೆ ಎಂದು ಬರೆದೆ. ಒಳ್ಳೆಯದೋ ಕೆಟ್ಟದ್ದೋ ಒಂದು ಮಾತಿನಲ್ಲಿ ಹೇಳಿ ಎಂದು ಒಬ್ಬ ಓದುಗರು ಕೇಳಿದರು. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ದನಿಯನ್ನು ಮೊಬೈಲಿನಲ್ಲಿ ಹಿಡಿದು, ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳಿ ನೋಡಿ ಎಂದು ಉತ್ತರಿಸಿದೆ. ಅವರು ಮತ್ತೆ ಬರೆಯಲಿಲ್ಲ.

ಎರಡು ತಿಂಗಳ ಮೇಲೆ ಕಿಕ್ಕೇರಿಯ ಕಡೆ ನಮ್ಮ ನೆಂಟರ ಮನೆಯ ಮದುವೆಗೆ ಹೋಗಿದ್ದೆ. ಅರಿಶಿನ ಹಚ್ಚುವ ಹೊತ್ತಿಗೆ ದೊಡ್ಡವ್ವ, ಜೊತೆಗಾತಿ ಇಬ್ಬರೂ ಚಪ್ಪರದಡಿ ಚಾಪೆಯ ಮೇಲೆ ಕೂತರು. ಹೆಂಗಸರು ಸುಮ್ಮನಾದರು. ಪದ ಎತ್ತಿದವಳು ಜೊತೆಗಾತಿ. ನಾನು ಬೆರಗಾಗಿ ನೋಡಿದೆ. ಅವಳ ದನಿ ತಗ್ಗಿನದು, ಮೊದಲ ಸಾಲಿಗೆ ಸ್ವಲ್ಪ ನಡುಗಿತು, ಎರಡನೆಯದಕ್ಕೆ ಗಟ್ಟಿಯಾಯಿತು. ದೊಡ್ಡವ್ವ ಹಿಂದೆ ಹೇಳುತ್ತಿದ್ದಳು. ಸಾಲಿನ ನಡುವೆ ಬೇಕೆನಿಸಿದ ಕಡೆ ನಿಲ್ಲಿಸಿ, ಧಾರಾಳವಾಗಿ ಉಸಿರೆಳೆದುಕೊಂಡು, ಸಾಲಿನ ಕೊನೆಗೆ ಬಂದು ಸೇರಿಕೊಳ್ಳುತ್ತಿದ್ದಳು. ಅವಳು ಸೇರಿಕೊಂಡಾಗಲೆಲ್ಲ ಆ ಗರಗರ ಚಪ್ಪರದ ಕೊನೆಯವರೆಗೂ ಕೇಳುತ್ತಿತ್ತು.